ಕಡೆಯ ದಿನದ ಪ್ರಶ್ನೆ

ಕ್ರೈಸ್ತರೂ ಮುಸಲ್ಮಾನರೂ ನಂಬಿರುವ ಲೋಕಾಂತ್ಯವನ್ನು ಕನ್ನಡದಲ್ಲಿ ‘ಪ್ರಳಯ’ವೆಂದು ಕರೆಯುವ ರೂಢಿಯುಂಟು. ಈ ಶಬ್ದವು ಅಲ್ಲಿಗೆ ಸರಿಯಾಗಿ ಒಪ್ಪುವುದಿಲ್ಲ. ಪುರಾಣೋಕ್ತವಾದ ಪ್ರಳಯವು ಕಲ್ಪಕಲ್ಪಗಳ ಕೊನೆಯಲ್ಲಿ ಮರಳಿ ಬರತಕ್ಕುದು. ಅದರ ಹಿಂದೆಯೇ ಪುನಃ ಸೃಷ್ಟಿಯುಂಟು. ಆ ಮತಗಳಲ್ಲಾದರೋ ಅಂತ್ಯವು ಒಂದೇ ಸಲ. ಅದರ ತಿರುಳು ನಾಶವಲ್ಲ, ವಿಚಾರಣೆ. ಸತ್ತವರೆಲ್ಲರೂ ಎದ್ದು ನಿಂತು, ಒಬ್ಬೊಬ್ಬರೂ ತಮ್ಮ ತಮ್ಮ ಕೃತ್ಯಗಳಿಗೆ ಉತ್ತರವೀಯಬೇಕು.

ಎರಡು ಮತಗಳಿಗೂ ಸಮಾನವಾದ ಅಂಶಗಳು ಹಲವು. ‘ಪ್ರಕಟನೆ’ಯ 20ನೆಯ ಅಧ್ಯಾಯದ ಗೋಗ್ ಮಾಗೋಗರೇ ಕುರಾನಿನ 18 ಮತ್ತು 21ನೆಯ ಸೂರಾಗಳಲ್ಲಿ ಯಾಜೂಜ್ ಮಾಜೂಜರು. ಮರಿಯಳ ಮಗನಾದ ಯೇಸುವು ಮರಳಿ ಬರುವನೆಂಬ ನಿರೀಕ್ಷೆಯೂ ಉಭಯರಲ್ಲಿದೆ. ಆದರೆ ಕ್ರೈಸ್ತರಿಗೆ ಹಾಗೆ ಬರುವವನೇ ನ್ಯಾಯಾಧಿಪತಿ. ಮುಸಲ್ಮಾನರಿಗೆ ನ್ಯಾಯಾಧಿಪತಿಯು ಅಲ್ಲಾಹನೊಬ್ಬನೇ. ಈಸಾ ಪ್ರವಾದಿಯು ಇಳಿದು ಬಂದು, ಮಹಾವಂಚಕನಾದ ದಜ್ಜಾಲನನ್ನು ವಧಿಸಿ, ನ್ಯಾಯದಿಂದ ಆಳಿ, ಇತರ ಮನುಷ್ಯರಂತೆಯೇ ಮರಣ ಹೊಂದುವನೆಂದು ಹದೀಸುಗಳು ಹೇಳುತ್ತವೆ.

ವರ್ಣನೆಯ ರೀತಿಯೂ ಬೇರೆ. ‘ಪ್ರಕಟನೆ’ಯು 22 ಅಧ್ಯಾಯಗಳ ದೀರ್ಘದರ್ಶನ, ಏಳು ಮುದ್ರೆ, ಏಳು ತುತೂರಿ, ಏಳು ಪಾತ್ರೆಗಳೆಂದು ಸಂಕೇತದ ಮೇಲೆ ಸಂಕೇತವನ್ನು ಪೇರಿಸುತ್ತದೆ. ಕುರಾನಿನ 81ನೆಯ ಸೂರಾದಲ್ಲಿರುವುದು 29 ವಾಕ್ಯಗಳು ಮಾತ್ರ. ಸೂರ್ಯನು ಸುತ್ತಿಹೋಗುವನು, ಬೆಟ್ಟಗಳು ಚಲಿಸುವುವು, ಅರಬನು ಪ್ರಾಣದಂತೆ ಕಾಯುವ ತುಂಬುಗಬ್ಬದ ಒಂಟೆಗಳನ್ನು ಕೇಳುವವರಿಲ್ಲ. ಇಂತಹ ವಿಶ್ವಕ್ಷೋಭೆಯ ನಡುವೆ ಹಠಾತ್ತಾಗಿ, ಜೀವಂತವಾಗಿ ಹೂಳಲ್ಪಟ್ಟ ಹೆಣ್ಣುಶಿಶುವು ಮುಂದೆ ಬರುತ್ತದೆ. ತನ್ನನ್ನು ಯಾವ ತಪ್ಪಿಗಾಗಿ ಕೊಂದರೆಂದು ಅದನ್ನೇ ಕೇಳಲಾಗುತ್ತದೆ. ಅಷ್ಟು ದೊಡ್ಡ ಆಕಾಶವು ಕುಸಿಯುವುದು ಆ ಒಂದು ಪ್ರಶ್ನೆಗೆ ಎಡೆಮಾಡಿಕೊಡುವುದಕ್ಕೋ ಎಂಬಂತಿದೆ.

ಕ್ರೈಸ್ತರಲ್ಲಿ ಇದಕ್ಕೆ ಸಮನಾದುದು ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯ. ಹಸಿದವನಿಗೆ ಅನ್ನವಿತ್ತರೋ, ರೋಗಿಯನ್ನು ನೋಡಹೋದರೋ ಎಂಬುದೇ ಅಲ್ಲಿಯ ವಿಚಾರಣೆ. ಆಶ್ಚರ್ಯವೆಂದರೆ, ‘ಸಹೀಹ್ ಮುಸ್ಲಿಂ’ ಸಂಗ್ರಹದ ಒಂದು ಹದೀಸಿನಲ್ಲಿ ಅಲ್ಲಾಹನು ಮನುಷ್ಯನನ್ನು ಕೇಳುವುದೂ ಇದನ್ನೇ. ಎರಡು ಕಡೆಯೂ ಉತ್ತರಿಸುವವನು ಬೆರಗಾಗುತ್ತಾನೆ: ಒಡೆಯನಿಗೆ ಹಸಿವೆಲ್ಲಿಯದು, ರೋಗವೆಲ್ಲಿಯದು? ಭೇದವು ಸೂಕ್ಷ್ಮವಾದುದು. ಸುವಾರ್ತೆಯಲ್ಲಿ ದೀನನಿಗೆ ಮಾಡಿದ್ದು ಸ್ವಯಂ ನ್ಯಾಯಾಧಿಪತಿಗೇ ಸಂದಿತು. ಹದೀಸಿನಲ್ಲಿ, ರೋಗಿಯ ಬಳಿಗೆ ಹೋಗಿದ್ದರೆ ದೇವರು ಅವನ ಸನ್ನಿಧಿಯಲ್ಲಿ ಕಾಣುತ್ತಿದ್ದನು. ಒಂದರಲ್ಲಿ ತಾದಾತ್ಮ್ಯ, ಇನ್ನೊಂದರಲ್ಲಿ ಸಾಮೀಪ್ಯ. ದೇವರು ಮನುಷ್ಯನಾದನೆಂದು ನಂಬುವ ಮತಕ್ಕೂ ಹಾಗೆ ನಂಬದ ಮತಕ್ಕೂ ಇರುವ ಅಂತರವೆಲ್ಲ ಈ ಒಂದು ತಿರುವಿನಲ್ಲಿ ಅಡಗಿದೆ.

ಆ ಗಳಿಗೆಯು ದೇವರೊಬ್ಬನಿಗೇ ಗೊತ್ತೆಂದು ಮಾರ್ಕನ ಸುವಾರ್ತೆಯ 13ನೆಯ ಅಧ್ಯಾಯವೂ ಕುರಾನಿನ 7ನೆಯ ಸೂರಾವೂ ಒಂದೇ ಕಂಠದಿಂದ ಸಾರುತ್ತವೆ. ಆದರೂ ದಿನವನ್ನೆಣಿಸುವವರು ನಿಂತಿಲ್ಲ. ಅಮೆರಿಕದಲ್ಲಿ ವಿಲಿಯಂ ಮಿಲ್ಲರನ ಅನುಯಾಯಿಗಳು 1844ರ ಅಕ್ಟೋಬರ್ 22ರಂದು ಯೇಸುವಿಗಾಗಿ ಕಾದು ನಿರಾಶರಾದರು. ಹಿಜರಿ 1400ರ ಮೊದಲ ದಿನ, ಎಂದರೆ 1979ರ ನವೆಂಬರ್ 20ರಂದು, ಆಯುಧಪಾಣಿಗಳ ಗುಂಪೊಂದು ತಮ್ಮವನೊಬ್ಬನನ್ನು ಅಂತ್ಯಕಾಲದ ನಾಯಕನಾದ ಮಹದಿಯೆಂದು ಘೋಷಿಸಿ ಮಕ್ಕಾದ ಮಹಾಮಸೀದಿಯನ್ನು ಹಿಡಿಯಿತು. ಎರಡು ವಾರಗಳ ಕಾಳಗದಲ್ಲಿ ನೂರಾರು ಜನ ಮಡಿದರು.

ಅಂತ್ಯವು ಎಂದು ಬರುವುದೆಂಬುದು ಈ ಗ್ರಂಥಗಳು ಬಿಡಿಸಹೊರಟ ಒಗಟಲ್ಲ. ಅಂದು ಏನನ್ನು ಕೇಳಲಾಗುವುದೆಂಬುದನ್ನು ಅವು ಮುಚ್ಚಿಟ್ಟಿಲ್ಲ. ಪ್ರಶ್ನಪತ್ರಿಕೆಯನ್ನು ಮೊದಲೇ ಕೈಯಲ್ಲಿಟ್ಟಿರುವಾಗ ಪರೀಕ್ಷೆಯ ದಿನವನ್ನು ಊಹಿಸುತ್ತ ಕೂಡುವುದು ವಿವೇಕವೆನಿಸದು.