ಪದ ಹೊಸದು, ಅರ್ಥ ಎಷ್ಟು?

ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೆಳೆಯುವವರ ಮಾತಿನಲ್ಲಿ 'ಬ್ಯಾರನ್' ದಿನವೂ ಬರುವ ಪದ. ಕೊಳವೆಗಳಲ್ಲಿ ಹಾಯುವ ಬಿಸಿಯಿಂದ ಎಲೆಯನ್ನು ಹದಗೊಳಿಸುವ ಮನೆ ಅದು. ಪದ ಇಂಗ್ಲಿಷಿನದಾದರೂ ಅದರ ಅರ್ಥದ ಬಗ್ಗೆ ಯಾರಿಗೂ ಅನುಮಾನವಿಲ್ಲ. 'ಎಸ್.ಒ.ಪಿ.' ಕೂಡ ಹಾಗೆಯೇ. ಅದು ಪೊಟ್ಯಾಷಿಯಂ ಸಲ್ಫೇಟ್. ಅಗ್ಗದ ಎಂ.ಒ.ಪಿ.ಯಲ್ಲಿ ಕ್ಲೋರೈಡ್ ಇರುತ್ತದೆ. ಅದು ಹೆಚ್ಚಾದರೆ ಹೊಗೆಸೊಪ್ಪು ಸರಿಯಾಗಿ ಉರಿಯುವುದಿಲ್ಲ, ಗುಣಮಟ್ಟ ಕುಸಿಯುತ್ತದೆ. ಈ ಮೂರಕ್ಷರ ತಿಳಿದ ರೈತನಿಗೆ ಒಂದು ರಸಾಯನ ಪಾಠವೇ ತಿಳಿದಂತೆ.

ಆದ್ದರಿಂದ ಪರಭಾಷೆಯ ಪದ ಬಂದದ್ದೇ ತಪ್ಪಲ್ಲ. ಅರ್ಥವನ್ನು ಹಿಂದೆ ಬಿಟ್ಟು ಪದ ಮಾತ್ರ ಬಂದಾಗ ತೊಂದರೆ ಶುರುವಾಗುತ್ತದೆ.

ಹೆಗ್ಗಡದೇವನಕೋಟೆಯ ಹತ್ತಿ ಹೊಲಗಳ ವಿಷಯ ನೋಡಿ. ಭಾರತದಲ್ಲಿ ಬಿ.ಟಿ. ಹತ್ತಿಗೆ 2002ರಲ್ಲಿ ಅನುಮತಿ ದೊರೆಯಿತು. 'ಬಿ.ಟಿ.' ಎಂಬುದು ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಬ್ಯಾಕ್ಟೀರಿಯದ ಹೆಸರಿನ ಸಂಕ್ಷೇಪ. ಅದರ ಜೀನ್‌ನಿಂದ ಗಿಡದಲ್ಲಿ ತಯಾರಾಗುವ ಪ್ರೋಟೀನು ಕಾಯಿಕೊರಕ ಹುಳುವಿಗೆ ವಿಷ. ರಸ ಹೀರುವ ಕೀಟಗಳಿಗೆ ಅದರಿಂದ ಏನೂ ಆಗದು. ಗುಲಾಬಿ ಕಾಯಿಕೊರಕವಂತೂ ಈಗ ಅದಕ್ಕೆ ನಿರೋಧಶಕ್ತಿಯನ್ನೇ ಬೆಳೆಸಿಕೊಂಡಿದೆ. ಆದರೆ ಮಾತಿನಲ್ಲಿ 'ಬಿ.ಟಿ.' ಎಂದರೆ 'ರೋಗ ಬರದ, ಹೆಚ್ಚು ಇಳುವರಿಯ ಬೀಜ' ಎಂದಾಗಿಬಿಟ್ಟರೆ, ಬೆಳೆ ಕೈಕೊಟ್ಟಾಗ ಕಾರಣವೇ ಹೊಳೆಯುವುದಿಲ್ಲ.

ಕೃಷ್ಣರಾಜನಗರದ ನಾಲೆ ಬಯಲಿನ ಭತ್ತಕ್ಕೆ ಬೇಕಾದದ್ದು ಸಾರಜನಕ. 2021ರಲ್ಲಿ 'ನ್ಯಾನೋ ಯೂರಿಯಾ' ಬಂದಾಗ, ಅರ್ಧ ಲೀಟರಿನ ಒಂದು ಬಾಟಲಿ 45 ಕಿಲೋ ಚೀಲಕ್ಕೆ ಸಮ ಎಂಬ ಪ್ರಚಾರವಿತ್ತು. ನ್ಯಾನೋ ಎಂದರೆ ನೂರು ಕೋಟಿಯಲ್ಲಿ ಒಂದು ಭಾಗ. ಇಲ್ಲಿ ಅದು ಕಣದ ಗಾತ್ರವನ್ನು ಹೇಳುತ್ತದೆಯೇ ಹೊರತು ಕಣದ ಶಕ್ತಿಯನ್ನಲ್ಲ. ಚೀಲದ ಯೂರಿಯಾದಲ್ಲಿ ಶೇ. 46ರಂತೆ 20 ಕಿಲೋಗೂ ಹೆಚ್ಚು ಸಾರಜನಕವಿದೆ. ಮೊದಲ ಬಾಟಲಿಯಲ್ಲಿ ಶೇ. 4ರಂತೆ ಇದ್ದದ್ದು 20 ಗ್ರಾಂ. ಮುಂದೆ ಪ್ರಮಾಣವನ್ನು ಶೇ. 20ಕ್ಕೆ ಏರಿಸಿದಾಗಲೂ ಅದು 100 ಗ್ರಾಂ ಮಾತ್ರ. ನೆಲಕ್ಕೆ ಹಾಕಿದ ಯೂರಿಯಾದಲ್ಲಿ ಅರ್ಧಕ್ಕಿಂತ ಹೆಚ್ಚು ನಷ್ಟವಾಗಬಹುದು, ಎಲೆಗೆ ಸಿಂಪಡಿಸಿದ್ದು ಚೆನ್ನಾಗಿ ಹೀರಿಕೊಳ್ಳುತ್ತದೆ ಎಂಬ ವಾದದಲ್ಲಿ ಹುರುಳಿದೆ. ಆದರೂ ಗ್ರಾಂ ಮತ್ತು ಕಿಲೋಗಳ ನಡುವಿನ ಅಂತರವನ್ನು ಅದು ತುಂಬಲಾರದು. ಬಾಟಲಿಯನ್ನೇ ನಂಬಿ ಮೇಲುಗೊಬ್ಬರ ಬಿಟ್ಟವನ ಗದ್ದೆ ಹಳದಿಯಾದರೆ ನಷ್ಟ ಪದದ್ದಲ್ಲ, ರೈತನದು.

ಇದರಲ್ಲಿ ನಮ್ಮ ಪಾಲೂ ಇದೆ. ವಿಜ್ಞಾನ ಬರೆಯುವವರು ಎಷ್ಟೋ ಬಾರಿ 'ನ್ಯಾನೋ', 'ಬಯೋ', 'ಸ್ಮಾರ್ಟ್' ಎಂದು ಬರೆದು, ಬಿಡಿಸಿ ಹೇಳದೆ ಮುಂದೆ ಹೋಗುತ್ತೇವೆ. ಹೊಸ ಪದ ಎದುರಾದಾಗ ಕೇಳಬೇಕಾದ ಪ್ರಶ್ನೆ ಮೂರು: ಅದು ಏನು? ಎಷ್ಟು? ಯಾವುದಕ್ಕೆ? ಉತ್ತರ ಸಿಕ್ಕರೆ ಆ ಪದ ಬ್ಯಾರನ್‌ನಂತೆ ನಮ್ಮದೇ ಆಗಲಿ. ಸಿಗದಿದ್ದರೆ, ಅದನ್ನು ಬಳಸುವ ಮುನ್ನ ಅಂಗಡಿಯವರನ್ನೂ ಅಧಿಕಾರಿಗಳನ್ನೂ ಲೇಖಕರನ್ನೂ ಕೇಳೋಣ.