ತೆರೆಯದ ಗಾಜು: ಬೆಂಗಳೂರಿನ ‘ಮಾಡರ್ನ್’ ಮನೆಯ ಕಿಟಕಿಗಳು

ಬೆಂಗಳೂರಿನ ಹೊಸ ಬಡಾವಣೆಗಳಲ್ಲಿ 30×40 ಅಡಿ ಸೈಟಿನ ಮೇಲೆ ಏಳುವ ‘ಮಾಡರ್ನ್’ ಮನೆಯನ್ನು ಕಿಟಕಿಯಿಂದಲೇ ಗುರುತಿಸಬಹುದು. ಇಳಿಜಾರು ಮಾಡು ಇಲ್ಲ, ಹಳೆಯ ಬಂಗಲೆಗಳ ಕಿಟಕಿಯ ಮೇಲಿನ ಮರದ ಚೂಪು ಮುಚ್ಚಿಗೆಯಾದ ಮಂಕಿಟಾಪ್ ಇಲ್ಲ, ಸಜ್ಜಾ ಇದ್ದರೂ ಕಣ್ಣಿಗೆ ಬೀಳದಷ್ಟು ಗಿಡ್ಡ. ಬೋಳು ಗೋಡೆ, ಅದರಲ್ಲಿ ಅಗಲವಾದ ಗಾಜು, ಗಾಜಿನ ಸುತ್ತ ಕಪ್ಪು ಚೌಕಟ್ಟು. ಕಿಟಕಿಯ ಅಳತೆ, ಆಕಾರ ಎಲ್ಲವೂ ಎಲಿವೇಶನ್, ಅಂದರೆ ಮುಂಭಾಗದ ನೋಟದ, ಚಿತ್ರದಲ್ಲೇ ತೀರ್ಮಾನವಾಗಿರುತ್ತವೆ. ಯಾವ ಹೊತ್ತಿಗೆ ಯಾವ ಗೋಡೆಗೆ ಬಿಸಿಲು, ಕೋಣೆಗೆ ಎಷ್ಟು ಗಾಳಿ ಎಂಬ ಲೆಕ್ಕ ಬಹಳ ಮನೆಗಳಲ್ಲಿ ಹುಟ್ಟುವುದೇ ಇಲ್ಲ.

ಈ ನೋಟ ಬಂದದ್ದು ಯುರೋಪಿನಿಂದ. ವಾಸ್ತುಶಿಲ್ಪಿ ಲೆ ಕಾರ್ಬೂಸಿಯೆ 1920ರ ದಶಕದಲ್ಲಿ ಮಂಡಿಸಿದ ಐದು ಸೂತ್ರಗಳಲ್ಲಿ ಗೋಡೆಯುದ್ದಕ್ಕೂ ಪಟ್ಟಿಯಂತೆ ಸಾಗುವ ಕಿಟಕಿಯೂ ಒಂದು. ಕಾಂಕ್ರೀಟ್ ಕಂಬಗಳೇ ಭಾರ ಹೊತ್ತ ಮೇಲೆ ಗೋಡೆಗೆ ಹೊರೆ ಇಲ್ಲ, ಕಿಟಕಿ ಎಷ್ಟು ಅಗಲವಾದರೂ ಆಗಬಹುದು. ಅದೇ ಉತ್ಸಾಹದಲ್ಲಿ ಅವರು ಪ್ಯಾರಿಸ್ಸಿನಲ್ಲಿ ಸಾಲ್ವೇಶನ್ ಆರ್ಮಿ ಎಂಬ ಸೇವಾ ಸಂಸ್ಥೆಗೆ ಕಟ್ಟಿದ ಆಶ್ರಯಧಾಮದ ದಕ್ಷಿಣ ಗೋಡೆಯನ್ನು ಪೂರ್ತಿ ಮುಚ್ಚಿದ ಗಾಜಿನಿಂದ ಮಾಡಿದರು. ಕಟ್ಟಡ 1933ರಲ್ಲಿ ತೆರೆಯಿತು. ಬೇಸಿಗೆಯಲ್ಲಿ ಒಳಗಿದ್ದವರು ಬೆಂದುಹೋದರು. ಮುಂದೆ ತೆರೆಯುವ ಕಿಟಕಿಗಳನ್ನು ಕೂಡಿಸಬೇಕಾಯಿತು, ಬಿಸಿಲು ತಡೆಯುವ ಕಾಂಕ್ರೀಟ್ ಹಲಗೆಗಳು ಬಂದವು. ಅಂಥ ಹಲಗೆಗಳನ್ನೇ ಅವರು ಚಂಡೀಗಢದಲ್ಲೂ ಅಹಮದಾಬಾದಿನಲ್ಲೂ ಕಟ್ಟಡದ ಮುಖವನ್ನಾಗಿ ಬಳಸಿದರು. ಮತ್ತೊಬ್ಬ ವಾಸ್ತುಶಿಲ್ಪಿ ಮೀಸ್ ವಾನ್ ಡೆರ್ ರೋಹ ಅವರ ಫಾರ್ನ್ಸ್‌ವರ್ತ್ ಮನೆಯದೂ (1951) ಇಂಥದೇ ಕತೆ: ನಾಲ್ಕೂ ಬದಿ ಗಾಜು, ಬಾಗಿಲು ಬಿಟ್ಟರೆ ತೆರೆಯಲು ಎರಡೇ ಚಿಕ್ಕ ಕಿಟಕಿ, ಒಳಗೆ ಸೆಕೆ, ಹೊರಗೆ ಸೊಳ್ಳೆ. ಬೆಂಗಳೂರಿನ ಎಲಿವೇಶನ್‌ಗಳು ನಕಲು ಮಾಡುತ್ತಿರುವುದು ಆಧುನಿಕ ವಾಸ್ತುಶಿಲ್ಪ ತಾನೇ ತಿದ್ದಿಕೊಂಡು ಕೈಬಿಟ್ಟ ಘಟ್ಟವನ್ನು. ಗಾಜನ್ನು ತೆಗೆದುಕೊಂಡವರು ನೆರಳನ್ನು ತೆಗೆದುಕೊಳ್ಳಲಿಲ್ಲ.

ನೆರಳಿನ ಲೆಕ್ಕವೇನೂ ಕಷ್ಟದ್ದಲ್ಲ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರಿನ ನಡುಹಗಲಲ್ಲೂ ದಕ್ಷಿಣದ ಸೂರ್ಯ 53 ಡಿಗ್ರಿಗಿಂತ ಮೇಲಿರುತ್ತಾನೆ; ಮೂರು ಅಡಿಯ ಸಜ್ಜಾ ಆಗ ಅದರ ಕೆಳಗಿನ ನಾಲ್ಕು ಅಡಿ ಗಾಜಿಗೆ ನೆರಳು ಕೊಡುತ್ತದೆ. ಉಳಿದ ತಿಂಗಳುಗಳಲ್ಲಿ ಅಷ್ಟು ಉದ್ದವೂ ಬೇಡ. ಹೀಗಾಗಿ ದೊಡ್ಡ ಕಿಟಕಿಗೆ ದಕ್ಷಿಣದ ಗೋಡೆ ಒಳ್ಳೆಯ ಜಾಗ. ಉತ್ತರ ಇನ್ನೂ ಸುಲಭ, ಆದರೆ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ಉತ್ತರಕ್ಕೆ ವಾಲಿರುವುದರಿಂದ ಅಲ್ಲೂ ಚಿಕ್ಕದೊಂದು ಸಜ್ಜಾ ಬೇಕು. ಪಡುವಣದ್ದೇ ತೊಂದರೆ. ಏಪ್ರಿಲಿನ ಸಂಜೆ ನಾಲ್ಕೂವರೆಗೆ ಎರಡು ಅಡಿಯ ಸಜ್ಜಾ ಕಾಯುವುದು ಹೆಚ್ಚೂಕಡಿಮೆ ಒಂದು ಅಡಿ ಗಾಜನ್ನು. ಮಿಕ್ಕದ್ದರ ಮೂಲಕ ಬಿಸಿಲು ನೇರ ಮಂಚಕ್ಕೆ. ಪಶ್ಚಿಮಕ್ಕೆ ಮುಖ ಮಾಡಿದ ಸೈಟಿನಲ್ಲಿ ಮುಂಭಾಗದ ಗಾಜು ದೊಡ್ಡದಾದಷ್ಟೂ ಮನೆಯವರಿಗೆ ನಷ್ಟ. ಅಲ್ಲಿ ಬೇಕಾದದ್ದು ನಿಲುವು ಹಲಗೆ, ಜಾಲಂಧ್ರ, ಇಲ್ಲವೇ ಆಳವಾದ ಬಾಲ್ಕನಿ. ಕಿಟಕಿಯ ಸುತ್ತ ಆರೇಳು ಇಂಚು ಮುಂದೆ ಚಾಚಿದ ಅಲಂಕಾರದ ಪೆಟ್ಟಿಗೆಯಿಂದ ಕೆಲಸವಾಗದು. ಅದನ್ನೇ ಎರಡೂವರೆ ಅಡಿ ಆಳ ಮಾಡಿದರೆ ನೋಟವೂ ಉಳಿಯುತ್ತದೆ, ದಕ್ಷಿಣದಲ್ಲಾದರೂ ನೆರಳು ಸಿಗುತ್ತದೆ.

ನೆರಳಿಲ್ಲದ ಕಡೆ ಮಾರಾಟಗಾರರು ಮುಂದಿಡುವುದು ಡಬಲ್ ಗ್ಲಾಸ್. ಅದರ ಹೆಸರು ಅದರ ಕೆಲಸಕ್ಕಿಂತ ದೊಡ್ಡದು. ಸಾದಾ ಪಾರದರ್ಶಕ ಗಾಜು ತನ್ನ ಮೇಲೆ ಬಿದ್ದ ಬಿಸಿಲಿನ ಶಾಖದಲ್ಲಿ ಸುಮಾರು ಶೇ 80ರಷ್ಟನ್ನು ಒಳಗೆ ಬಿಡುತ್ತದೆ. ಅದನ್ನೇ ಎರಡು ಪದರ ಮಾಡಿದರೆ ಸುಮಾರು ಶೇ 70. ಎರಡು ಪದರದ ನಡುವಿನ ಗಾಳಿ ತಡೆಯುವುದು ಮುಖ್ಯವಾಗಿ ಒಳ–ಹೊರಗಿನ ಉಷ್ಣತೆಯ ವ್ಯತ್ಯಾಸದಿಂದ ಹರಿಯುವ ಶಾಖವನ್ನು. ಹಿಮ ಬೀಳುವ ಊರಿಗೆ ಅದು ವರ, ಬೆಂಗಳೂರಿನಲ್ಲಿ ಆ ವ್ಯತ್ಯಾಸವೇ ಕಡಿಮೆ. ಬಿಸಿಲನ್ನು ಹಿಮ್ಮೆಟ್ಟಿಸುವುದು ಲೇಪನವಿರುವ ಸೋಲಾರ್ ಕಂಟ್ರೋಲ್ ಗಾಜು. ಟ್ರಾಫಿಕ್ ಸದ್ದಿರುವ ರಸ್ತೆಯಲ್ಲಿ ಡಬಲ್ ಗ್ಲಾಸಿಗೆ ಅರ್ಥವಿದೆ, ಆ ಲಾಭವೂ ಕಿಟಕಿ ಮುಚ್ಚಿದ್ದಾಗ ಮಾತ್ರ.

ಗಾಳಿಯ ವಿಷಯದಲ್ಲಿ ಕಣ್ಣಳತೆ ಇನ್ನೂ ಹೆಚ್ಚು ಮೋಸ ಮಾಡುತ್ತದೆ. ವಸತಿ ಕಟ್ಟಡಗಳಿಗಾಗಿ ಕೇಂದ್ರದ ಇಂಧನ ದಕ್ಷತೆ ಬ್ಯೂರೋ 2018ರಲ್ಲಿ ತಂದ ಇಕೋ ನಿವಾಸ್ ಸಂಹಿತೆ, ಬೆಂಗಳೂರಿನಂಥ ಸಮಶೀತೋಷ್ಣ ಹವೆಯಲ್ಲಿ ತೆರೆಯಬಲ್ಲ ಭಾಗ ನೆಲದ ವಿಸ್ತೀರ್ಣದ ಶೇ 12.5ರಷ್ಟಾದರೂ ಇರಬೇಕೆನ್ನುತ್ತದೆ; ಮಂಗಳೂರಿನಂಥ ಕರಾವಳಿಯ ತೇವದ ಸೆಕೆಗೆ ಶೇ 16.66. ಇದೇ ಪ್ರಮಾಣವನ್ನು 10×14 ಅಡಿಯ ಮಲಗುವ ಕೋಣೆಗೆ ಹಚ್ಚಿದರೆ ಹದಿನೇಳೂವರೆ ಚದರ ಅಡಿ ಬೇಕು. ಅಲ್ಲಿಗೆ 5×4 ಅಡಿಯ ಎರಡು ಕದದ ಸ್ಲೈಡಿಂಗ್ ಕಿಟಕಿ ಇಟ್ಟರೆ ತೆರೆಯುವುದು ಅರ್ಧ, ಅಂದರೆ ಹತ್ತೇ ಚದರ ಅಡಿ. ಬಾಗಿಲಿನಂತೆ ತೆರೆಯುವ ಕಿಟಕಿ ಅದೇ ಜಾಗದಲ್ಲಿ ಸುಮಾರು ಹದಿನೆಂಟು ಕೊಡುತ್ತದೆ. ತೆರೆಯದ ಗಾಜು ಕೊಡುವುದು ಬೆಳಕು ಮತ್ತು ಬಿಸಿ ಮಾತ್ರ. ಪಕ್ಕದ ಮನೆಗೆ ಮೂರಡಿ ಬಿಟ್ಟು ಕಟ್ಟಿದ ಬದಿಯ ಗೋಡೆಯಲ್ಲಿ ದೊಡ್ಡ ಕಿಟಕಿಯಿಟ್ಟು ಸದಾ ಪರದೆ ಎಳೆದಿರುವುದಕ್ಕಿಂತ, ತಲೆಯೆತ್ತರಕ್ಕಿಂತ ಮೇಲೆ ಉದ್ದನೆಯ ವೆಂಟಿಲೇಟರ್ ಇಡುವುದು ಜಾಣತನ. ಬಿಸಿಗಾಳಿ ಅದರಿಂದಲೇ ಹೊರಹೋಗುತ್ತದೆ.

ಚೌಕಟ್ಟಿನ ವಸ್ತುವಿನ ಬಗ್ಗೆ ನಡೆಯುವಷ್ಟು ಚರ್ಚೆಗೆ ಆ ವಿಷಯ ತಕ್ಕದ್ದಲ್ಲ. ಯುಪಿವಿಸಿಗೆ ಗೆದ್ದಲು, ತುಕ್ಕುಗಳ ಭಯವಿಲ್ಲ, ಆದರೆ ಪಟ್ಟಿಗಳು ದಪ್ಪ. ಅಲ್ಯೂಮಿನಿಯಂ ಪಟ್ಟಿ ತೆಳು, ಆಧುನಿಕ ನೋಟಕ್ಕೆ ಹೊಂದುತ್ತದೆ. ತೇಗ ದುಬಾರಿ, ಆದರೆ ಹಾಳಾದ ಭಾಗವನ್ನು ಊರಿನ ಬಡಗಿಯೇ ಸರಿಪಡಿಸಬಲ್ಲ. ಸ್ಲೈಡಿಂಗ್ ಯಾವುದರದ್ದೇ ಆಗಲಿ, ಕೆಳಗಿನ ಟ್ರ್ಯಾಕಿನಲ್ಲಿ ನೀರು ಹೊರಹೋಗುವ ರಂಧ್ರಗಳು ಧೂಳಿನಿಂದ ಕಟ್ಟಿಕೊಂಡರೆ ಗಾಳಿಮಳೆಯ ನೀರು ಒಳಗೇ ಇಳಿಯುತ್ತದೆ.

ಇಷ್ಟಾದರೂ ಸ್ಲೈಡಿಂಗ್ ಗೆದ್ದಿರುವುದಕ್ಕೆ ಕಾರಣವಿದೆ. ಸೊಳ್ಳೆ ಜಾಲರಿ ಮೂರನೆಯ ಟ್ರ್ಯಾಕಿನಲ್ಲಿ ತಾನಾಗಿ ಕೂರುತ್ತದೆ, ಗ್ರಿಲ್ಲಿಗೆ ಕದ ತಾಗುವುದಿಲ್ಲ. ಹೊರಕ್ಕೆ ತೆರೆಯುವ ಕಿಟಕಿಯಲ್ಲಿ ಜಾಲರಿ ಒಳಬದಿಗೆ ಬರುತ್ತದೆ. ಅದಕ್ಕೂ ಒಂದು ಕದ ಮಾಡದಿದ್ದರೆ ಚಿಲಕಕ್ಕೆ ಕೈ ಹೋಗದು. ಆ ಕದಕ್ಕೆ ಜಾಗ ಬೇಕು, ಗ್ರಿಲ್ಲಿನ ಸರಳುಗಳ ನಡುವೆ ಕೈ ತೂರಬೇಕು. ಇದೆಲ್ಲ ಗಾರೆ ಕೆಲಸಕ್ಕೆ ಮೊದಲೇ ಚೌಕಟ್ಟಿನ ಅಗಲದಲ್ಲಿ ಲೆಕ್ಕವಾಗಬೇಕಾದ ವಿಷಯ. ಆದರೆ ಕಿಟಕಿಯವನು ಟೇಪು ಹಿಡಿದು ಬರುವುದು ಗಾರೆ ಮುಗಿದ ಮೇಲೆ. ಅಷ್ಟರಲ್ಲಿ ಲಿಂಟಲ್ಲೂ ಸಜ್ಜಾವೂ ಬಿದ್ದಾಗಿರುತ್ತವೆ, ಸ್ಲೈಡಿಂಗ್ ಬಿಟ್ಟು ಬೇರೆ ಆಯ್ಕೆ ಉಳಿದಿರುವುದು ಕಡಿಮೆ.