ದಾದಿಯರ ಎರಡು ಪುಸ್ತಕಗಳು

ಲೂಯಿಸಾ ಮೇ ಆಲ್ಕಾಟ್ ಎಂದೊಡನೆ ನಮ್ಮ ಓದುಗರಿಗೆ ನೆನಪಾಗುವುದು 1868ರಲ್ಲಿ ಬಂದ ‘ಲಿಟ್ಲ್ ವಿಮೆನ್’. ಅದಕ್ಕೂ ಐದು ವರ್ಷ ಮೊದಲು ಆಕೆಗೆ ಮನ್ನಣೆ ತಂದುಕೊಟ್ಟದ್ದು ‘ಹಾಸ್ಪಿಟಲ್ ಸ್ಕೆಚಸ್’ ಎಂಬ ಪುಟ್ಟ ಪುಸ್ತಕ. ಅಮೆರಿಕದ ಅಂತರ್ಯುದ್ಧದ ಆಸ್ಪತ್ರೆಯೊಂದರ ಚಿತ್ರಗಳು ಅದರಲ್ಲಿವೆ. ತಿಳಿಹಾಸ್ಯದ ಬರಹವೆಂದು ಹೊಗಳಿ ಅದನ್ನು ಬದಿಗಿಡುವುದು ಸುಲಭ. ಆದರೆ ಆ ಹಾಸ್ಯ ಏನು ಕೆಲಸ ಮಾಡುತ್ತದೆ, ಎಲ್ಲಿ ಸೋಲುತ್ತದೆ ಎಂದು ಕೇಳಿದಾಗಲೇ ಪುಸ್ತಕದ ತೂಕ ತಿಳಿಯುತ್ತದೆ.

ಆ ಕಾಲದಲ್ಲಿ ಸೈನ್ಯದ ಆಸ್ಪತ್ರೆಗೆ ಹೆಣ್ಣು ಕಾಲಿಡುವುದೇ ಒಂದು ಪ್ರಶ್ನೆಯಾಗಿತ್ತು. ಹುಚ್ಚರೆಂಬ ಹಣೆಪಟ್ಟಿ ಹೊತ್ತು ಜೈಲುಗಳಲ್ಲಿ ಕೊಳೆಯುತ್ತಿದ್ದವರ ಪರವಾಗಿ 1843ರಲ್ಲಿ ಮ್ಯಾಸಚೂಸೆಟ್ಸ್ ಶಾಸನಸಭೆಗೆ ಮನವಿ ಸಲ್ಲಿಸಿದ್ದ ಡೊರೊಥಿಯಾ ಡಿಕ್ಸ್, 1861ರಲ್ಲಿ ಉತ್ತರದ ಸೈನ್ಯದ ದಾದಿಯರ ಮೇಲ್ವಿಚಾರಕಿಯಾದಳು. ಆಕೆಯ ನಿಯಮಗಳು ಕಟ್ಟುನಿಟ್ಟು: ವಯಸ್ಸು 35ರಿಂದ 50, ಉಡುಪು ಕಂದು, ಬೂದು ಅಥವಾ ಕಪ್ಪು, ಅಲಂಕಾರ ಕೂಡದು. ದಿನಕ್ಕೆ 40 ಸೆಂಟು ಸಂಬಳ. ಹೆಣ್ಣಿಗೆ ಬಾಗಿಲು ತೆರೆಯಲು ಆಕೆಯ ಹೆಣ್ತನವನ್ನೇ ಮರೆಮಾಚಬೇಕಾಗಿತ್ತು.

ಆಗಷ್ಟೇ 30 ತುಂಬಿದ್ದ ಆಲ್ಕಾಟ್ 1862ರ ಡಿಸೆಂಬರಿನಲ್ಲಿ ವಾಷಿಂಗ್ಟನ್ ಬಳಿಯ ಜಾರ್ಜ್‌ಟೌನ್ ಆಸ್ಪತ್ರೆ ಸೇರಿದಳು. ಫ್ರೆಡರಿಕ್ಸ್‌ಬರ್ಗ್ ಕದನದ ಗಾಯಾಳುಗಳು ಬಂದಿಳಿದರು. ಪುಸ್ತಕದ ನಿರೂಪಕಿ ಟ್ರಿಬ್ಯುಲೇಷನ್ ಪೆರಿವಿಂಕಲ್. ಆ ಮೊದಲ ಹೆಸರಿನ ಅರ್ಥವೇ ಸಂಕಟ. ಗಾಯಾಳುಗಳು ಬಂದಾಗ ಅವಳಿಗೆ ಸಿಗುವ ಅಪ್ಪಣೆ, ಅವರ ಮೈ ತೊಳೆಯುವುದು. ಪರಪುರುಷರ ಮೈ ಮುಟ್ಟಿದ ಸಂಗತಿಯನ್ನು ಮರ್ಯಾದಸ್ಥರ ಮುಂದೆ ಹೇಳಲು ಲೇಖಕಿ ತನ್ನನ್ನೇ ನಗೆಪಾಟಲು ಮಾಡಿಕೊಳ್ಳುತ್ತಾಳೆ. ಇಲ್ಲಿ ಹಾಸ್ಯ ಒಂದು ಪರವಾನಗಿ.

ವರ್ಜೀನಿಯಾದ ಕಮ್ಮಾರ ಜಾನ್ ಸಾಯುವಾಗ ಆ ನಗೆ ನಿಲ್ಲುತ್ತದೆ. ನೀನು ಉಳಿಯುವುದಿಲ್ಲ ಎಂದು ಅವನಿಗೆ ತಿಳಿಸುವ ಹೊಣೆಯನ್ನು ವೈದ್ಯ ದಾದಿಯ ಮೇಲೆ ಹೊರಿಸುತ್ತಾನೆ. ಸತ್ತವನ ಹಿಡಿತದಿಂದ ಕೈ ಬಿಡಿಸಿಕೊಂಡ ಮೇಲೂ ಅದರ ಮೇಲೆ ನಾಲ್ಕು ಬಿಳಿ ಗುರುತುಗಳು ಉಳಿದಿರುತ್ತವೆ. ಶುಶ್ರೂಷೆಯ ಬಗ್ಗೆ ಎಷ್ಟು ಉಪದೇಶ ಮಾಡಿದರೂ ಆ ಗುರುತಿನ ಮುಂದೆ ಸಪ್ಪೆ.

ಹಾಸ್ಯ ಸೋಲುವುದು ಕಪ್ಪು ಜನರ ಚಿತ್ರಣದಲ್ಲಿ. ನಿರೂಪಕಿ ಕಪ್ಪು ಮಗುವೊಂದನ್ನು ಎತ್ತಿ ಮುದ್ದಿಸುತ್ತಾಳೆ. ಬಳಿಯಿದ್ದ ಬಿಳಿಯ ಹೆಂಗಸು ಅಸಹ್ಯಪಡುತ್ತಾಳೆ. ಆಲ್ಕಾಟ್ ಗುಲಾಮಗಿರಿಯ ಕಡು ವಿರೋಧಿ, ಅನುಮಾನವಿಲ್ಲ. ಆದರೂ ಆ ಮಗು, ಆ ಆಸ್ಪತ್ರೆಯ ಕಪ್ಪು ಆಳುಗಳು ಆಕೆಗೆ ತಮಾಷೆಯ ವಸ್ತುಗಳಾಗಿಯೇ ಕಾಣುತ್ತಾರೆ. ಕರುಣೆಗೆ ಅವರು ಪಾತ್ರರು, ಮಾತಿಗೆ ಅಲ್ಲ.

ಆ ಮಾತು ಬರಲು 1902ರವರೆಗೆ ಕಾಯಬೇಕಾಯಿತು. 1848ರಲ್ಲಿ ಜಾರ್ಜಿಯಾದಲ್ಲಿ ಗುಲಾಮಳಾಗಿ ಹುಟ್ಟಿದ ಸೂಸಿ ಕಿಂಗ್ ಟೇಲರ್ ತನ್ನ ನೆನಪುಗಳನ್ನು ಬಾಸ್ಟನ್ನಿನಲ್ಲಿ ತಾನೇ ಅಚ್ಚು ಹಾಕಿಸಿದಳು. ಕಪ್ಪು ಸೈನಿಕರ ತುಕಡಿಯೊಂದರಲ್ಲಿ ಆಕೆ ಅಕ್ಷರ ಕಲಿಸಿದಳು, ಬಂದೂಕು ಒರೆಸಿದಳು, ಗಾಯಾಳುಗಳನ್ನೂ ಸಿಡುಬು ರೋಗಿಗಳನ್ನೂ ನೋಡಿಕೊಂಡಳು. ನಾಲ್ಕು ವರ್ಷಕ್ಕೂ ಮಿಕ್ಕ ಈ ಸೇವೆಗೆ ಒಂದು ಡಾಲರೂ ಸಿಗಲಿಲ್ಲ. ದಾಖಲೆಯಲ್ಲಿ ಆಕೆ ಬಟ್ಟೆ ಒಗೆಯುವವಳು. 1892ರಲ್ಲಿ ಸೈನ್ಯದ ದಾದಿಯರಿಗೆ ತಿಂಗಳಿಗೆ 12 ಡಾಲರ್ ಪಿಂಚಣಿಯ ಕಾಯಿದೆಯಾದಾಗ ಆ ಒಂದು ಪದವೇ ಅಡ್ಡ ಬಂತು.

ಟೇಲರಳ ಗದ್ಯದಲ್ಲಿ ಆಲ್ಕಾಟಳ ಚಮತ್ಕಾರವಿಲ್ಲ, ನಗೆಯೂ ಕಡಿಮೆ. ಮೊದಲು ಇದು ಬಡತನವೆಂದು ತೋರಬಹುದು. ಆದರೆ ದಾಖಲೆಯೇ ತನ್ನನ್ನು ಅಳಿಸಿರುವಾಗ ಹೆಸರು, ಊರು, ದಿನಗಳನ್ನು ನೇರವಾಗಿ ಬರೆದಿಡುವುದೇ ಆಕೆಯ ಶೈಲಿ. ಆಲ್ಕಾಟ್ ಆರು ವಾರಗಳಲ್ಲಿ ವಿಷಮಶೀತಜ್ವರಕ್ಕೆ ಸಿಕ್ಕು ಮನೆಗೆ ಮರಳಿದಳು. ಆ ಆರು ವಾರಗಳಿಗೆ ಓದುಗರು ದೊರೆತರು. ಟೇಲರಳ ನಾಲ್ಕು ವರ್ಷಗಳಿಗೆ ದೊರೆತವರು ಬಹುಕಾಲ ಬೆರಳೆಣಿಕೆಯವರು. ‘ಹಾಸ್ಪಿಟಲ್ ಸ್ಕೆಚಸ್’ ಒಳ್ಳೆಯ ಪುಸ್ತಕವೇ. ಟೇಲರಳನ್ನು ಪಕ್ಕದಲ್ಲಿಟ್ಟುಕೊಂಡು ಓದಿದರೆ ಮಾತ್ರ ಅದು ಪೂರ್ತಿಯಾಗುತ್ತದೆ.